ದೀಪ ಹಾಕುವ ಮುಂಚೆ

ವೀಸಾ ಕಚೇರಿಯ ಬೆಂಚಿನಲ್ಲಿ ನಿವೃತ್ತ ಗುಮಾಸ್ತರು ಪತ್ರಿಕೆ ಓದುತ್ತಿದ್ದರು; ಅಂದರೆ, ಪುಟ ಮಗುಚದೆ ಪಕ್ಕದ ಮಾತಿಗೆ ಕಿವಿ ಕೊಟ್ಟಿದ್ದರು. ಪಕ್ಕದಲ್ಲಿ ಒಬ್ಬ ಸಿನಿಮಾ ನಿರ್ಮಾಪಕ, ಅವನ ದರ್ಜಿ ಅಕ್ಕ.

“ವಿಮಾನ ಅಂದ್ರೇನೇ ನಂಗೆ ಭಯ ಕಣೋ. ನನ್ನ ಬಿಟ್ಬಿಡು.”

“ಇಪ್ಪತ್ತು ವರ್ಷದಿಂದ ಇಲ್ಲೂ, ಈಗ ನಾವು ಹೋಗ್ತಿರೋ ದೇಶದಲ್ಲೂ ಸಿನಿಮಾ ಮಾಡ್ತಿದೀನಿ. ಎಲ್ಲದಕ್ಕೂ ಬಟ್ಟೆ ಹೊಲಿದವಳು ನೀನು. ಒಂದರಲ್ಲಾದ್ರೂ ನಿನ್ನ ಹೆಸರು ನೋಡಿದೀಯಾ?”

“ಎಲ್ಲಿ ನೋಡೋದು? ಕಥೆ ಮುಗೀತಿದ್ದ ಹಾಗೇ ದೀಪ ಹಾಕ್ತಾರೆ, ಮುಂದಿನವರು ಎದ್ದು ನಿಲ್ತಾರೆ. ಕಾಣೋದು ಬರೀ ಅವರ ಬೆನ್ನು.”

ಟಾಕೀಸಿನಲ್ಲಿ ಪ್ರತಿಸಲವೂ ಸ್ಕೂಟರ್ ತೆಗೆಯಲು ಮೊದಲು ಏಳುತ್ತಿದ್ದ ಗುಮಾಸ್ತರು ಸಣ್ಣಗೆ ಕೆಮ್ಮಿದರು.

“ಆ ದೇಶದ ಥಿಯೇಟರಲ್ಲಿ ಕೊನೇ ಹೆಸರು ಹೋಗೋವರೆಗೂ ಯಾರೂ ಏಳಲ್ಲ ಅಕ್ಕಾ.”

“ಹೋಗೋ, ಸುಳ್ಳ.”

“ನಿನ್ನಾಣೆಗೂ!”

“ದರ್ಜಿ ಹೆಸರನ್ನೂ ಓದ್ತಾರಾ?”

“ಈ ಸಲ ಅಲ್ಲಿ ತೋರಿಸೋ ಸಿನಿಮಾದಲ್ಲಿ ಕೊನೇ ಹೆಸರೇ ನಿಂದು. ಅದು ಹೋಗೋವರೆಗೂ ಕತ್ತಲೇ.”

ಅಕ್ಕ ಸೆರಗಿಗೆ ಸಿಕ್ಕಿಸಿಕೊಂಡು ಮರೆತಿದ್ದ ಸೂಜಿಯನ್ನು ತೆಗೆದು ಚೀಲದೊಳಗಿಟ್ಟಳು. ಅಷ್ಟರಲ್ಲಿ ಅವರ ಸಂಖ್ಯೆ ಕೂಗಿದರು. ಇಬ್ಬರೂ ಎದ್ದು ಹೋದರು.

“ಯಾಕೆ ಹೋಗ್ತಿದೀರಮ್ಮಾ?” ಎಂದು ಗಾಜಿನಾಚೆಯ ಅಧಿಕಾರಿ ಕೇಳಿದ್ದು ಗುಮಾಸ್ತರವರೆಗೂ ಕೇಳಿಸಿತು.

ತಮ್ಮ ಬಾಯಿ ತೆರೆಯುವ ಮುಂಚೆಯೇ ಅಕ್ಕ ಹೇಳಿದಳು: “ಸಿನಿಮಾ ನೋಡೋಕೆ. ಪೂರ್ತಿ.”