ಭಂಡಾರದ ಬೆರಳು

"ಹಲೋ... ಯಾರ್ರಿ ಮಾತಾಡೋದು? ಬೆಳಗಾವಿ ಏನ್ರಿ?... ಹಾಂ, ಅಂದಾನೆಪ್ಪನವರ! ನಾ ನಿಜಗುಣಪ್ಪ, ಬೈಲಹೊಂಗಲದಿಂದ. ನಿಮ್ಮ ಪಕ್ಷದ ನಿಜಗುಣಪ್ಪರಿ... ಆರಿಸಿ ಬಂದು ಆರು ತಿಂಗಳದಾಗ ದನಿ ಮರತು ಹೋತೇನ್ರಿ?"

೧೯೩೭ರ ಶ್ರಾವಣದ ಒಂದು ಮಧ್ಯಾಹ್ನ. ಅಂಚೆ ಕಚೇರಿಯ ಗೋಡೆಯ ಟೆಲಿಫೋನಿಗೆ ಬಾಯಿ ನಿಲುಕದೆ ನಿಜಗುಣಪ್ಪ ತುದಿಗಾಲಲ್ಲಿ ನಿಂತಿದ್ದ. ಮೂರೇ ನಿಮಿಷ ಎಂದು ಪೋಸ್ಟ್ ಮಾಸ್ತರರು ಮೊದಲೇ ಹೇಳಿದ್ದರು. ಹಿಂದಿನ ಬೆಂಚಿನ ಮೇಲೆ ತೀರಿಕೊಂಡ ಬೀರಪ್ಪನ ಹೆಂಡತಿ ಶಟ್ಟೆವ್ವ ಸೆರಗು ಹೊದ್ದು ಕೂತಿದ್ದಳು.

"ಪ್ರಚಾರದ ಮೋಟಾರಿನ ಸಾಲದ ಮಾತರಿ... ಸಾವಕಾರ ಸೋಮವಾರ ಕೋರ್ಟಿನ್ಯಾಗ ಬೀರಪ್ಪನ ಹೊಲ ಜಪ್ತಿ ಮಾಡಸ್ತಾನಂತ... ಯಾವ ಬೀರಪ್ಪ ಅಂತೀರಿ? ನಮ್ಮ ಡ್ರೈವರ್ ಬೀರಪ್ಪರಿ. ಮುರಗೋಡ ರಸ್ತೇದಾಗ ಹುಣಸಿ ಗಿಡಕ್ಕ ಬಡದು ಸತ್ತನಲ್ಲ, ಅಂವ."

...

"ನಿದ್ದಿಗಣ್ಣಾಗ ಹೊಡದದ್ದು ಅವನ ತಪ್ಪು ಅಂತೀರೇನ್ರಿ? ಮೂರು ದಿನ ಅವನ್ನ ಮಲಗಾಕ ಬಿಡದವ್ರು ಯಾರ್ರಿ? ಕಿತ್ತೂರು, ರಾಮದುರ್ಗ, ಸವದತ್ತಿ... ಮಂದಿ ಹಾದಿ ಕಾಯಾಕತ್ತೈತಿ, ಹೊಡಿ ಹೊಡಿ ಅಂತ ಹಿಂದ ಕುಂತವ್ರು ನಾವಿಬ್ರ ಅಲ್ಲೇನು?... ನಮ್ಮನ್ನ ಇಳಿಸಿ, 'ಯಪ್ಪಾ, ಒಂದು ತಾಸು ಕಣ್ಣು ಮುಚ್ಚಲೇನು' ಅಂದ. 'ಮೊದಲ ಮುರಗೋಡದ ಸಭಾಕ್ಕ ಬಾವುಟ ಮುಟ್ಟಿಸಿ ಬಾ' ಅಂದವ ನಾನ. ಈಗ ಎಲ್ಲೇ ಮೋಟಾರ ಬಂದ್ರೂ ನನಗ ಅವನ ದನೀನ ಕೇಳತೈತ್ರಿ..."

...

"ಸಾಲಪತ್ರದಾಗ ಹೆಬ್ಬೆಟ್ಟು ಅವಂದೈತಿ, ಖರೆ. 'ನನ್ನ ಹೆಸರು ಬ್ಯಾಡ, ಎದುರಿನವ್ರು ಆಡಿಕೊಂತಾರ' ಅಂದವ್ರು ನೀವು. ಎಲ್ಲಮ್ಮನ ಗುಡ್ಡದಾಗ ದೇವಿ ಅರಿಷಿಣದ ಭಂಡಾರ ಹಿಡದು, 'ಸಾಲ ನಂದು' ಅಂತ ಆಣಿ ಮಾಡಿದ್ರಿ... ಬರದದ್ದು ಎಲ್ಲೈತಿ ಅಂತೀರಿ? ಭಂಡಾರ ಮುಟ್ಟಿದ ಮ್ಯಾಲ ಕಾಗದ ಕೇಳಿದ್ರ ದೇವಿ ಮ್ಯಾಲ ಸಂಶೆ ಪಟ್ಟಂಗ ಅಂದ್ನರಿ ಬೀರಪ್ಪ!"

ಅವನ ಎಡಗೈಯಲ್ಲಿ ಬೀರಪ್ಪನ ಮನೆಯಲ್ಲಿದ್ದ ಸಾಲಪತ್ರದ ಪ್ರತಿ ಇತ್ತು. ಮುಂಜಾನೆ ಶಟ್ಟೆವ್ವ ಅದನ್ನು ತಂದಾಗ ಅವನು ಎಲೆ-ಅಡಿಕೆ ಹಾಕುತ್ತಿದ್ದ. ಸುಣ್ಣದ ಬೆರಳಲ್ಲೇ ಬಿಡಿಸಿದ. ಅಂಚಿನ ಹಳದಿ ಕಲೆಗಳು ನೋಡನೋಡುತ್ತ ಕೆಂಪಾದವು. ಅರಿಷಿಣಕ್ಕೆ ಸುಣ್ಣ ತಗುಲಿದರೆ ಕೆಂಪಾಗುತ್ತದೆ, ಆರತಿಯ ನೀರಿನಲ್ಲಿ ಎಲ್ಲರೂ ಕಂಡದ್ದೇ. ಕಾರಣ ಗೊತ್ತಿತ್ತು. ಆದರೂ ಎಲೆಯನ್ನು ಅಲ್ಲೇ ಬಿಟ್ಟು ಅಂಚೆ ಕಚೇರಿಗೆ ಬಂದಿದ್ದ.

"ಇದರ ಮ್ಯಾಲ ನಾಕು ಬೆರಳಿನ ಗುರುತು ಅದಾವ್ರಿ. ಅಂವ ಹೆಬ್ಬೆಟ್ಟು ಒತ್ತೋ ಮುಂದ ಕಾಗದ ಹಿಡಕೊಂಡವ್ರು ನೀವು, ಅದ ಭಂಡಾರದ ಕೈಲೆ. ಹಳದಿ ಇದ್ದವು. ಇವತ್ತ ಕೆಂಪಾಗ್ಯಾವ... ಇಲ್ರಿ, ನನಗ ಹುಚ್ಚು ಹಿಡದಿಲ್ಲ."

...

"ಹಾಂ?... ಮೋಟಾರ ಬೀರಪ್ಪಂದ ಸ್ವಂತದ್ದು, ನಾವು ಬಾಡಿಗಿಗೆ ತಂದಿದ್ವಿ, ಹಂಗ ಹೇಳಬೇಕೇನ್ರಿ ನಾ?... ಹೇಳಿದ್ರ ಲೋಕಲ್ ಬೋರ್ಡಿನಾಗ ನನಗೊಂದು ಜಾಗಾ?"

ಅವನು ತಿರುಗಿ ನೋಡಿದ. ಶಟ್ಟೆವ್ವನ ಕಣ್ಣು ಅವನ ಬಾಯಿಯ ಮೇಲೇ ಇತ್ತು.

"ಆಗಂಗಿಲ್ರಿ. ಸಾಕ್ಷಿ ಸಹಿ ನಂದೈತಿ. ಸೋಮವಾರ ಕೋರ್ಟಿನ್ಯಾಗ ಇದ್ದದ್ದು ಇದ್ದಂಗ ಹೇಳತೇನಿ, ನನ್ನ ತಪ್ಪೂ ಸೇರಿಸಿ... ಹೆದರಸಬ್ಯಾಡ್ರಿ. ಸಾಲ ನಂದಲ್ಲ ಅನ್ನೋದಿದ್ರ ಅವನ ಹೇಣ್ತಿಗೇ ಹೇಳಿಬಿಡ್ರಿ. ಇಲ್ಲೇ ಅದಾಳ... ಯಾಕ, ಈಗ ಯಾಕ ಬ್ಯಾಡ?... ಬಾ ತಂಗಿ, ಇದನ್ನ ಕಿವಿಗೆ ಹಚ್ಚು."

ಶಟ್ಟೆವ್ವ ಸೆರಗಿಗೆ ಕೈ ಒರೆಸಿಕೊಂಡು ರಿಸೀವರ್ ಹಿಡಿದಳು.

"ಹಲೋ... ಯಾರ್ರಿ?... ಯಾರ್ರಿ ಮಾತಾಡೋದು?..."

ಬಹಳ ಹೊತ್ತು ಕಿವಿಗೊಟ್ಟಳು.

"ಯಾರೂ ಇಲ್ಲೋ ಯಣ್ಣಾ. ಮೋಟಾರ ದೂರ ಹೋದಂಗ ಸಪ್ಪಳ ಒಂದ ಬರಾಕತ್ತೈತಿ..."