ನಡುವೆ ಬಂದ ಸೀನು

ಹಲ್ಲಿನ ಡಾಕ್ಟರಿಗಾಗಿ ಕಾಯುತ್ತ ಕೂತಿದ್ದ ಬಡಗಿಯ ಎಡಗೆನ್ನೆ ಊದಿಕೊಂಡಿತ್ತು. ಪಕ್ಕದ ಬೆಂಚಿನಲ್ಲಿ ಅಕ್ಕತಂಗಿಯರಿಬ್ಬರು ಗುಟ್ಟು ಮಾತಾಡುತ್ತಿದ್ದರು. ಆ ಗುಟ್ಟು ಬಾಗಿಲಾಚೆಗೂ ಕೇಳಿಸುವಂತಿತ್ತು. ಬಡಗಿ ಕಿವಿಗೊಡದೆ ಇನ್ನೇನು ಮಾಡಿಯಾನು?

“ಮಗಳು ಆ ಹುಡುಗನ ಜೊತೆ ಫೋನಲ್ಲಿದ್ಲು ಕಣೇ. ನಾನು ಅದೇ ಲೈನಿನ ಒಳಕೋಣೆ ಫೋನ್ ಎತ್ಕೊಂಡು ಕೇಳಿಸ್ಕೊಂಡೆ.”

“ಅಯ್ಯೋ ಅಕ್ಕ, ಹಾಗೆ ಕದ್ದು ಕೇಳೋದು ಅಪರಾಧ. ಲಾಯರ್ ಮಾವ ಹೇಳಿರ್ಲಿಲ್ವಾ?”

“ನೀನು ಅರ್ಧ ಕೇಳಿಸ್ಕೊಂಡಿದೀಯ. ಮಾತಾಡೋರಲ್ಲಿ ನಾವೂ ಒಬ್ರಾಗಿದ್ರೆ ತಪ್ಪಿಲ್ವಂತೆ.”

“ನೀನೆಲ್ಲಿ ಮಾತಾಡ್ದೆ?”

“ಸೀನಿದೆ.”

“ಸೀನೋದೂ ಒಂದು ಮಾತಾ?”

“ಅದಕ್ಕೆ ಆ ಹುಡುಗ ಉತ್ತರ ಕೊಟ್ನಲ್ಲ! ‘ಶೀತ ಆಗಿದೆಯಾ ಅತ್ತೆ? ಬಿಸಿನೀರು ಕುಡೀರಿ’ ಅಂದ.”

“ಅತ್ತೆ ಅಂದ್ನಾ?”

“ಬಾಯ್ತುಂಬ ಅಂದ.”

“ನೀನೇನಂದೆ?”

“ಏನನ್ಲಿ? ‘ಆಗ್ಲಿ ಅಳಿಯಂದ್ರೇ’ ಅಂತ ಬಾಯಿಗೆ ಬಂದ್ಬಿಡ್ತು.”

ತಂಗಿ ಬಿದ್ದು ಬಿದ್ದು ನಕ್ಕಳು. “ಹಾಗಾದ್ರೆ ಕದ್ದು ಕೇಳಿದ ಕೇಸು ಬಿದ್ದುಹೋಯ್ತು, ಮದುವೆ ಮಾತು ಗಟ್ಟಿಯಾಯ್ತು!”

“ನಗ್ಬೇಡ್ವೇ. ಇವರಿಗೆ ಏನಂತ ಹೇಳ್ಲಿ? ಆ ಹುಡುಗನ ಸುದ್ದಿ ಎತ್ತಿದ್ರೇ ಉರಿದು ಬೀಳ್ತಾರೆ.”

ಅಷ್ಟರಲ್ಲಿ ನರ್ಸ್ ಬಂದು ಅಕ್ಕನನ್ನು ಕರೆದಳು. ತಂಗಿ ಚೀಲ ಎತ್ತಿಕೊಂಡು ಅವಳ ಹಿಂದೆಯೇ ನಡೆದಳು.

“ಭಾವನಿಗೆ ನಾನು ಹೇಳ್ತೀನಿ ಬಿಡು. ನೀನು ಹಲ್ಲು ಕೀಳಿಸ್ಕೊಂಡು, ನಾಲ್ಕು ದಿನ ಬಾಯಿ ಬಿಡೋ ಹಾಗಿಲ್ಲ ಅಂತ ಡಾಕ್ಟರ ಕೈಲಿ ಬರೆಸ್ಕೊಂಡ್ಬಿಡು.”

ಬಾಗಿಲು ಮುಚ್ಚಿಕೊಂಡಿತು. ಬಡಗಿ ಕೆನ್ನೆ ಹಿಡಿದುಕೊಂಡು, ಗೋಡೆಯ ಕಡೆ ತಿರುಗಿ, ನೋವಾದರೂ ನಕ್ಕ.