ಹೆಸರು ಹೇಳದ ದಿಬ್ಬ

ಡಾಕ್ಟರರ ಕೋಣೆಯ ಹೊರಗೆ, ನನ್ನೆದುರು ಮರ್ಡಿನಜ್ಜಿ ಮತ್ತವಳ ತಂಗಿ ಕರ್ಸ್ಟಿ ಕುಳಿತಿದ್ದರು. ಕರ್ಸ್ಟಿಯ ತೊಡೆಯ ಮೇಲೆ, ಒಂದೇ ಚರ್ಚಿಗೆ ಸೇರಿದ ಹಳ್ಳಿಗಳ ನಮ್ಮ ಪ್ಯಾರಿಷ್‌ನ ಸ್ಥಳನಾಮಗಳ ಹೊಸ ನಕ್ಷೆ.

“ನೋಡಕ್ಕಾ, ನಮ್ಮ ದಿಬ್ಬಕ್ಕೆ ಬಿಸಿಲುಗುಡ್ಡ ಅಂತ ಬರ್ದಿದಾರೆ.”

“ಥೂ. ಯಾರು ಹೇಳಿದ್ದಂತೆ?”

“ರಜಾ ಕಳ್ಯೋಕೆ ಇಲ್ಲಿ ಮನೆ ಕಟ್ಟಿಸಿರೋ ಆ ಎಡಿನ್‌ಬರೋದವ್ನು.”

“ದೀಕ್ಷಾಸ್ನಾನ ಆಗ್ದೇ ಸತ್ತು, ಚರ್ಚಿನ ಸ್ಮಶಾನದಲ್ಲಿ ಜಾಗ ಸಿಗ್ದ ಕೂಸುಗಳು ಮಲಗಿರೋ ಜಾಗ ಕಣೆ. ನಮ್ಮ ತಮ್ಮನೂ ಅಲ್ಲೇ ಇದಾನೆ.”

“ನಕ್ಷೆಗೆ ಹೆಸ್ರು ಬರ್ಕೊಳ್ಳೋನು ಮೊದ್ಲು ನಿನ್ನ ಹತ್ರಾನೇ ಬಂದಿದ್ನಲ್ಲ?”

“ಹೊರಗಿನವ್ರ ಮುಂದೆ ಆ ಹೆಸ್ರು ಎತ್ಬಾರ್ದಲ್ಲ. ಚಹಾ ಕೊಟ್ಟು, ಅದಕ್ಕೆ ಹೆಸರೇ ಇಲ್ಲಪ್ಪ ಅಂದ್ಬಿಟ್ಟೆ.”

ನನ್ನಜ್ಜಿಯ ಕಥೆಗಳೂ ಆ ದಿಬ್ಬದ ಹೆಸರೆತ್ತದೆ ಸುತ್ತುಬಳಸಿಯೇ ಹೋಗುತ್ತಿದ್ದವು.

“ಈಗ ಅಲ್ಲಿ ಬುತ್ತಿ ಬಿಚ್ಕೊಂಡು ಕೂರ್ತಾರೆ.”

“ಅವ್ರಿಗಿಂತ ನನ್ನ ನಾಲಿಗೆ ಮೇಲೇ ಹೇಸಿಗೆ ಆಗ್ತಿದೆ ನಂಗೆ.”

ನರ್ಸ್ ಕರೆದಳು. ಮರ್ಡಿನಜ್ಜಿ ಎದ್ದು, ನನ್ನತ್ತ ತಿರುಗಿ, ಎಲ್ಲರಿಗೂ ಕೇಳುವಂತೆ, “ಪೆನ್ನು ಇದ್ರೆ ಬರ್ಕೊ ಮಗಳೇ, ಅದು ಕೂಸುಗಳ ದಿಬ್ಬ,” ಎಂದು ಒಳಗೆ ಹೋದಳು.